ಅನ್ನದ ಋಣ ತೀರುವುದು ಎಲ್ಲಿ?

ಕೊಟ್ಟವರನ್ನು ನೆನೆಯುವುದು ದೊಡ್ಡ ಗುಣ. ಆದರೆ ಯಾರು ಕೊಟ್ಟವರು, ಯಾರು ಪಡೆದವರು ಎಂಬ ಲೆಕ್ಕವೇ ತಪ್ಪಿದ್ದರೆ? ಕಲ್ಯಾಣದ ಮಹಾಮನೆಯಿಂದ ಇಂದಿನ ಶಾಲೆಯ ಬಿಸಿಯೂಟದವರೆಗೆ, ಕನ್ನಡ ನಾಡು ಈ ಲೆಕ್ಕವನ್ನು ತಿದ್ದಲು ಪಟ್ಟ ಪಾಡು ಸಣ್ಣದಲ್ಲ.

ಕನ್ನಡದ ಮನೆಗಳಲ್ಲಿ ‘ಧನ್ಯವಾದ’ ಎಂಬ ಶಬ್ದ ಹೊಸಿಲು ದಾಟಿ ಒಳಗೆ ಬಂದದ್ದು ಕಡಿಮೆ. ಸಭೆಯ ಕೊನೆಯಲ್ಲಿ ವಂದನಾರ್ಪಣೆಗೆ ಎದ್ದವರು ಅದನ್ನು ಹೇಳುತ್ತಾರೆ. ಪತ್ರದ ಕೊನೆಯ ಸಾಲಿನಲ್ಲಿ ಅದು ಬರುತ್ತದೆ. ಆದರೆ ಹಸಿದು ಬಂದಾಗ ತಟ್ಟೆಗೆ ಬಿಸಿ ಅನ್ನ ಬಡಿಸಿದ ತಾಯಿಗೆ, ಹೆರಿಗೆಯ ರಾತ್ರಿ ನಿದ್ದೆಗೆಟ್ಟು ಕೂತ ಪಕ್ಕದ ಮನೆಯ ಅಜ್ಜಿಗೆ, ಮಳೆಗೆ ಮಾಡು ಸೋರಿದಾಗ ಬಂದು ಹೆಂಚು ಸರಿಪಡಿಸಿದ ಗೆಳೆಯನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಅವರ ಮುಖವೇ ಸಪ್ಪಗಾಗುತ್ತದೆ. ‘ಹಾಗೆಲ್ಲ ಹೇಳೋದಕ್ಕೆ ನಾವೇನು ಹೊರಗಿನವರಾ?’ ಎಂದು ಕೇಳುತ್ತಾರೆ.

ಹಾಗೆಂದು ಕನ್ನಡಿಗರು ಉಪಕಾರ ನೆನೆಯದವರೇನಲ್ಲ. ಮಾತಿನಲ್ಲಿ ಹೇಳದ್ದನ್ನು ಅವರು ಬೇರೆ ದಾರಿಯಲ್ಲಿ ಹೇಳುತ್ತಾರೆ. ಹಬ್ಬದ ದಿನ ಪಕ್ಕದ ಮನೆಯಿಂದ ಹೋಳಿಗೆ ತುಂಬಿಕೊಂಡು ಬಂದ ಡಬ್ಬಿ ಬರಿದಾಗಿ ವಾಪಸು ಹೋಗುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಬೀಳುತ್ತದೆ. ಬಾಯಾರಿದವರಿಗೆ ನೀರು ಕೊಟ್ಟ ಹೆಂಗಸಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ’ ಎಂಬ ಹರಕೆ ಸಿಗುತ್ತದೆ. ಉಂಡು ಎದ್ದವರು ‘ಅನ್ನದಾತಾ ಸುಖೀಭವ’ ಎನ್ನುತ್ತಾರೆ. ಈ ಎಲ್ಲದರ ಹಿಂದೆ ಒಂದು ಹಳೆಯ ನಂಬಿಕೆಯಿದೆ. ಪಡೆದದ್ದು ಋಣ, ಅದನ್ನು ತೀರಿಸದೆ ಹೋಗಬಾರದು. ‘ಅನ್ನದ ಋಣ’, ‘ನೀರಿನ ಋಣ’, ‘ಊರಿನ ಋಣ’ ಎಂದು ನಮ್ಮ ಹಿರಿಯರು ಲೆಕ್ಕ ಇಟ್ಟದ್ದು ಇದನ್ನೇ. ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ಹುಟ್ಟಿದ್ದೂ ಇಲ್ಲಿಯೇ.

ಕೇಳಲು ಚೆಂದವಾದ ಈ ಮಾತಿನಲ್ಲಿ ಒಂದು ತೊಡಕೂ ಇದೆ. ಉಂಡವನು ಬಡಿಸಿದವನಿಗೆ ಋಣಿ, ಸರಿ. ಆದರೆ ಆ ಅನ್ನವನ್ನು ಬೆಳೆದವನಿಗೆ, ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದವಳಿಗೆ, ಉಂಡ ಮನೆಯ ಅಂಗಳ ಗುಡಿಸಿದವಳಿಗೆ ಯಾರು ಋಣಿ? ಈ ಪ್ರಶ್ನೆ ಕೇಳದೆ ಇದ್ದಷ್ಟು ದಿನವೂ ಋಣದ ಲೆಕ್ಕ ಅರ್ಧವಾಗಿಯೇ ಉಳಿಯುತ್ತದೆ.

ಕಣದ ಅಂಚಿನಲ್ಲಿ ನಿಂತವರು

ಹಳೆಯ ಕಾಲದ ಸುಗ್ಗಿಯ ಕಣವನ್ನು ನೆನಪಿಗೆ ತಂದುಕೊಳ್ಳಬೇಕು. ತೂರಿದ ಕಾಳು ರಾಶಿಯಾಗಿ ಬಿದ್ದಿದೆ. ರಾಶಿ ಪೂಜೆ ಮುಗಿದಿದೆ. ಕಣದ ಅಂಚಿನಲ್ಲಿ ಊರಿನ ಆಯಗಾರರು ಬಂದು ನಿಂತಿದ್ದಾರೆ. ನೇಗಿಲು ಮಾಡಿಕೊಟ್ಟ ಬಡಿಗ, ಕುಡುಗೋಲು ಹದ ಮಾಡಿದ ಕಮ್ಮಾರ, ಮನೆಮಂದಿಯ ಬಟ್ಟೆ ಒಗೆದ ಅಗಸ, ಮಡಕೆ ಕೊಟ್ಟ ಕುಂಬಾರ, ಕೆರೆಯ ತೂಬು ನೋಡಿಕೊಂಡ ನೀರಗಂಟಿ, ಊರ ಚಾಕರಿ ಮಾಡಿದ ತೋಟಿ, ತಳವಾರ. ರಾಶಿಯ ಒಡೆಯ ಮೊರದಲ್ಲಿ ಅಳೆದು ಅಳೆದು ಹಾಕುತ್ತಾನೆ. ಇವರು ಸೆರಗು, ಹೆಗಲ ವಸ್ತ್ರ ಒಡ್ಡಿ ಪಡೆಯುತ್ತಾರೆ. ‘ನಿಮ್ಮ ಕಣಜ ತುಂಬಲಿ’ ಎಂದು ಹರಸುತ್ತಾರೆ.

ಊರು ಒಂದೇ ಕುಟುಂಬದಂತಿತ್ತು ಎನ್ನುವವರು ಈ ಚಿತ್ರವನ್ನು ತೋರಿಸುತ್ತಾರೆ. ಹಸಿದು ಸಾಯಲು ಯಾರನ್ನೂ ಬಿಡಲಿಲ್ಲ ಎಂಬುದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಹತ್ತಿರದಿಂದ ನೋಡಿದರೆ ಬೇರೆಯದೂ ಕಾಣುತ್ತದೆ. ಆ ಮೊರದಲ್ಲಿದ್ದದ್ದು ಒಂದು ವರ್ಷದ ದುಡಿಮೆಯ ಕೂಲಿ. ಅದು ಕೈಸೇರಿದ ರೀತಿ ಮಾತ್ರ ದಾನದ್ದು. ಅಳತೆ ಕಡಿಮೆಯಾಯಿತು ಎಂದು ಬಡಿಗ ಸ್ವಲ್ಪ ಗೊಣಗಬಹುದಿತ್ತೇನೋ, ತೋಟಿ ಗೊಣಗುವಂತಿರಲಿಲ್ಲ. ಅವನು ನಿಲ್ಲುವ ಜಾಗವೂ ಉಳಿದವರಿಗಿಂತ ದೂರ. ದುಡಿದವನು ಕೈಯೊಡ್ಡಿದ, ದುಡಿಸಿಕೊಂಡವನು ದಾನಿಯಾದ. ಋಣದ ಭಾರವೆಲ್ಲ ಕೈಯೊಡ್ಡಿದವನ ತಲೆಯ ಮೇಲೆ ಬಿತ್ತು.

ಇದೇ ಲೆಕ್ಕ ಇನ್ನಷ್ಟು ಕಠೋರವಾದಾಗ ಅದರ ಹೆಸರು ಜೀತ. ಮಗಳ ಮದುವೆಗೋ ಕಾಯಿಲೆಗೋ ತಂದ ಸಣ್ಣ ಸಾಲಕ್ಕೆ ಅಪ್ಪ ದುಡಿದ, ಅಪ್ಪನ ನಂತರ ಮಗ ದುಡಿದ. ಓಡಿಹೋಗೋಣ ಎನಿಸಿದಾಗ ತಡೆದದ್ದು ಧಣಿಯ ಬೆತ್ತದ ಭಯವೊಂದೇ ಆಗಿರಲಿಲ್ಲ. ‘ಉಪ್ಪು ತಿಂದ ಮನೆ’ ಎಂಬ ಮಾತೂ ತಡೆಯಿತು. ಕೃತಜ್ಞತೆಯನ್ನು ಮೇಲಿನವರು ಕೆಳಗಿನವರಿಂದ ವಸೂಲು ಮಾಡತೊಡಗಿದರೆ ಅದು ಸಂಕೋಲೆಯಾಗಲು ಹೆಚ್ಚು ಹೊತ್ತು ಬೇಡ.

ಈ ಸಂಕೋಲೆಯನ್ನು ಕಡಿಯಲು ಕಾನೂನೇ ಬರಬೇಕಾಯಿತು. ವಂಶಪಾರಂಪರ್ಯದ ಊರ ಚಾಕರಿಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗಾಣಿಸಿತು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಹೊಲದೊಡೆಯರನ್ನಾಗಿ ಮಾಡಿತು. ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ತಡೆ ಹಾಕಿದರು. 1976ರ ಕೇಂದ್ರ ಕಾಯ್ದೆ ಜೀತವನ್ನು ಅಪರಾಧವೆಂದು ಸಾರಿತು. ಇವೆಲ್ಲ ರಾಜಕೀಯದ, ಆಡಳಿತದ ಮಾತುಗಳಂತೆ ಕೇಳಬಹುದು. ನಿಜವಾಗಿ ನೋಡಿದರೆ ಇವು ಊರು ತನ್ನ ದುಡಿಯುವವರಿಗೆ ತೀರಿಸಬೇಕಾಗಿದ್ದ ಹಳೆಯ ಋಣದ ಕಂತುಗಳು.

ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದಾಕೆ

ದಾನ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಈ ಮೇಲು ಕೆಳಗನ್ನೇ ತಿರುವಿ ಹಾಕಬೇಕು ಎಂಬ ಯೋಚನೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಮತ್ತು ಅವರ ಜೊತೆಗಾರರು ‘ದಾಸೋಹ’ ಎಂಬ ಶಬ್ದಕ್ಕೆ ಹೊಸ ಜೀವ ಕೊಟ್ಟರು. ಕೊಡುವವನು ತನ್ನನ್ನು ದಾಸನೆಂದು ತಿಳಿಯುವುದು ಅದರ ತಿರುಳು. ಅದಕ್ಕೆ ಇನ್ನೊಂದು ಕಟ್ಟುಪಾಡೂ ಇತ್ತು. ದಾಸೋಹಕ್ಕೆ ಬರುವ ಪದಾರ್ಥ ಕಾಯಕದಿಂದ, ಅಂದರೆ ಸ್ವಂತ ಬೆವರಿನಿಂದ ಬರಬೇಕು. ಇನ್ನೊಬ್ಬರ ಬೆವರನ್ನು ಕಸಿದು ತಂದು ಅನ್ನಸಂತರ್ಪಣೆ ಮಾಡಿದರೆ ಅದು ದಾಸೋಹವಾಗದು.

ಇದನ್ನು ತಿಳಿಸಲು ಆಯ್ದಕ್ಕಿ ಲಕ್ಕಮ್ಮನ ಕತೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಲಕ್ಕಮ್ಮ ಮತ್ತು ಆಕೆಯ ಗಂಡ ಮಾರಯ್ಯ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಎನ್ನುತ್ತಾರೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ದಿನದ ಅಕ್ಕಿಯಲ್ಲಿ ಅಂದೇ ಅಡುಗೆ, ಬಂದವರಿಗೆ ಊಟ, ಉಳಿದದ್ದು ತಮಗೆ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇಕೆಂದೇ ಹೆಚ್ಚು ಚೆಲ್ಲಿಸಿ ಪರೀಕ್ಷೆ ಮಾಡಿದರು ಎಂದು ಕತೆ ಹೇಳುತ್ತದೆ. ಲಕ್ಕಮ್ಮ ಅಕ್ಕಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಇಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ತರುವುದು ಆಸೆ. ಆಸೆ ಅರಸರಿಗೆ ಇರಬಹುದು, ನಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳಿಸಿದಳು.

ಬಡತನವನ್ನು ಹೊಗಳುವ ಕತೆ ಎಂದು ಇದನ್ನು ಓದಬಾರದು. ಲಕ್ಕಮ್ಮ ಅಲ್ಲಿ ಎರಡು ಮಾತು ಹೇಳಿದಂತಾಯಿತು. ಕೊಡಲು ಶ್ರೀಮಂತಿಕೆ ಬೇಕಿಲ್ಲ ಎಂಬುದು ಒಂದು. ಆಯ್ದ ಅಕ್ಕಿಯಲ್ಲಿ ಬದುಕುವವಳ ಮನೆಯ ಬಾಗಿಲೂ ಹಸಿದವರಿಗೆ ತೆರೆದಿತ್ತು. ತನ್ನ ಪಾಲಿಗಿಂತ ಹೆಚ್ಚು ಮನೆಗೆ ಬಂದರೆ ಬೇರೆ ಯಾರದೋ ಪಾಲು ಅದರಲ್ಲಿ ಸೇರಿದೆ ಎಂಬುದು ಇನ್ನೊಂದು. ಮೊದಲನೆಯದು ಔದಾರ್ಯ, ಎರಡನೆಯದು ನ್ಯಾಯ. ಲಕ್ಕಮ್ಮನ ಅಡುಗೆಮನೆಯಲ್ಲಿ ಎರಡೂ ಒಂದೇ ಒಲೆಯ ಮೇಲೆ ಬೆಂದವು. ನಾವು ಮೊದಲನೆಯದನ್ನು ಹಬ್ಬ ಹರಿದಿನಗಳಲ್ಲಿ ಧಾರಾಳವಾಗಿ ಆಚರಿಸಿದ್ದೇವೆ. ಎರಡನೆಯದನ್ನು ಮಾತ್ರ ಪುರಾಣ ಪುಣ್ಯಕತೆಯ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಂಡಿದ್ದೇವೆ.

ಧೂಳು ತಲೆಗೆ ತಾಗಲಿ ಎಂದವರು

ಆ ಎರಡನೆಯ ಮಾತನ್ನು ಬಹಳ ಕಾಲದ ನಂತರ ತಮ್ಮದೇ ರೀತಿಯಲ್ಲಿ ಎತ್ತಿಕೊಂಡವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾವ್ ಒಬ್ಬರು. 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ವಕೀಲರಾದರು. ಬಡವರ ಮೊಕದ್ದಮೆಗಳನ್ನು ಎತ್ತಿಕೊಂಡು ಹೆಸರು ಮಾಡಿದರು. ಹಾಗೆಯೇ ಮುಂದುವರಿದಿದ್ದರೆ ನೆಮ್ಮದಿಯ ಬದುಕು ಅವರದಾಗುತ್ತಿತ್ತು. ಆದರೆ ಕೋರ್ಟಿನ ಮೆಟ್ಟಿಲು ಹತ್ತಲೂ ಹಿಂಜರಿಯುತ್ತಿದ್ದ ಜನರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಬೇಕು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು.

1892ರಲ್ಲಿ ಮಂಗಳೂರಿನ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಅವರು ಶಾಲೆ ತೆರೆದರು. ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು. ಸ್ವಂತ ಜಾತಿಯವರು ರಂಗರಾಯರನ್ನು ಹೊರಗಿಟ್ಟರು. ಅವರು ಜಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿ ಮಂಗಳೂರಿನ ಬೇರೆ ಬೇರೆ ಕಡೆ, ಉಡುಪಿ, ಮೂಲ್ಕಿಗಳಲ್ಲಿಯೂ ಶಾಲೆಗಳನ್ನು ನಡೆಸಿದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಅರಿತು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು. ಮಗ್ಗ, ಮರಗೆಲಸಗಳನ್ನು ಕಲಿಸಿದರು. ಮನೆ ಕಟ್ಟಿಕೊಳ್ಳಲು ಜಾಗ ದೊರಕಿಸಿದರು. ಅವರ ಮಗಳು ರಾಧಾಬಾಯಿ ಜಾತಿಯ ಗೆರೆ ದಾಟಿ, ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು.

ರಂಗರಾಯರದೆಂದು ಕರಾವಳಿಯಲ್ಲಿ ಇಂದಿಗೂ ನೆನೆಯುವ ಒಂದು ಆಸೆಯಿದೆ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು. ಈ ಆಸೆಯನ್ನು ನಿಧಾನವಾಗಿ ಯೋಚಿಸಬೇಕು. ಸಾಮಾನ್ಯ ದಾನಿ ತನ್ನಿಂದ ಪಡೆದವನು ಬಂದು ಕಾಲಿಗೆ ಬೀಳಲಿ ಎಂದು ಕಾಯುತ್ತಾನೆ. ಪಡೆದವನು ತನ್ನನ್ನು ದಾಟಿ ಮುಂದೆ ಹೋಗಲಿ, ನಿಂತು ನೋಡದಿದ್ದರೂ ಸರಿ ಎನ್ನುವವನು ಅಪರೂಪ. 1928ರಲ್ಲಿ ತೀರಿಕೊಂಡ ರಂಗರಾಯರು ತಮ್ಮ ದೇಹವನ್ನು ದಲಿತರೇ ಹೊರಬೇಕೆಂದು ಮೊದಲೇ ತಿಳಿಸಿದ್ದರು. ಅದೂ ಹಾಗೆಯೇ ನಡೆಯಿತು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ.

ಮೊದಲು ಮಕ್ಕಳ ಊಟ

ಬಡ ಹುಡುಗ ಓದಬೇಕೆಂದರೆ ಒಂದು ಕಾಲದಲ್ಲಿ ವಾರಾನ್ನವೇ ಗತಿಯಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹಾಗೆ ಉಂಡು ಓದಿ ದೊಡ್ಡವರಾದವರು ಎಷ್ಟೋ ಮಂದಿ. ಬಡಿಸಿದ ತಾಯಂದಿರ ಪುಣ್ಯ ದೊಡ್ಡದು, ನಿಜ. ಆದರೆ ವಾರಾನ್ನದ ಬಾಗಿಲು ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗೆ ಮಾತ್ರ ತೆರೆಯುತ್ತಿತ್ತು. ಉಳಿದವರ ಮಕ್ಕಳು ಎಲ್ಲಿ ಉಣ್ಣಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಾಸ್ಟೆಲುಗಳೂ ಪ್ರಸಾದ ನಿಲಯಗಳೂ ಎದ್ದವು. ತುಮಕೂರಿನ ಸಿದ್ಧಗಂಗಾ ಮಠ ಅವುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶಿವಕುಮಾರ ಸ್ವಾಮಿಗಳು 1930ರಲ್ಲಿ ಮಠದ ಉತ್ತರಾಧಿಕಾರಿಯಾದರು. ಆಗ ಮಠದ ಕಣಜ ತುಂಬಿ ತುಳುಕುತ್ತಿರಲಿಲ್ಲ. ಹಳ್ಳಿ ಹಳ್ಳಿ ತಿರುಗಿ, ರಾಗಿ, ಭತ್ತ, ಕಾಳುಗಳನ್ನು ಬೇಡಿ ತಂದು ಹುಡುಗರಿಗೆ ಉಣಿಸಿದ ದಿನಗಳಿದ್ದವು. ಮುಂದೆ ಆ ಹುಡುಗರ ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂತು. ಜಾತಿ ಧರ್ಮ ಕೇಳದೆ ಸೇರಿಸಿಕೊಂಡದ್ದು, ಒಂದೇ ಸಾಲಿನಲ್ಲಿ ಕೂರಿಸಿ ಉಣಿಸಿದ್ದು ಅಲ್ಲಿಯ ವಿಶೇಷ. ಸುತ್ತಲಿನ ರೈತರು ಬೆಳೆದದ್ದರಲ್ಲಿ ಒಂದು ಪಾಲನ್ನು ಇಂದಿಗೂ ಮಠಕ್ಕೆ ಮುಟ್ಟಿಸುತ್ತಾರೆ. ಅಲ್ಲಿ ಉಂಡು ಓದಿದವರು ನೌಕರಿ ಸಿಕ್ಕ ಮೇಲೆ ಅಕ್ಕಿ ಮೂಟೆಯೊಂದಿಗೆ ಬರುತ್ತಾರೆ. ಋಣ ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಬಡಿಸಿದವರಿಗೆ ಅದು ಹಿಂದಿರುಗಬೇಕಿಲ್ಲ, ಇನ್ನೂ ಉಣ್ಣದವರ ಎಲೆಗೆ ಬಿದ್ದರೆ ಸಾಕು.

2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ತಾವು ಹೋದ ಸುದ್ದಿಯನ್ನು ಮಕ್ಕಳ ಊಟವಾದ ಮೇಲೆ ತಿಳಿಸಬೇಕು ಎಂಬುದು ಅವರ ಇಚ್ಛೆಯಾಗಿತ್ತು ಎಂದು ಅಂದು ಪತ್ರಿಕೆಗಳು ಬರೆದವು. ಬೆಳಗಿನ ಹೊತ್ತು ಪ್ರಾಣ ಹೋದರೂ ಸುದ್ದಿ ಹೊರಬಿದ್ದದ್ದು ಮಧ್ಯಾಹ್ನದ ಊಟ ಮುಗಿದ ಮೇಲೆಯೇ. ಗುರು ಹೋದನೆಂದು ಯಾವ ಹುಡುಗನೂ ಹಸಿದುಕೊಂಡು ಅಳಬಾರದು ಎಂಬ ಈ ಒಂದು ಕಾಳಜಿ ನೂರು ಪ್ರವಚನಕ್ಕೆ ಸಮ.

ದಾನದಿಂದ ಹಕ್ಕಿನ ಕಡೆಗೆ

ಆದರೆ ಒಬ್ಬ ಮಹಾನುಭಾವರು ಇರುವ ಊರಿನ ಮಕ್ಕಳು ಉಣ್ಣಬೇಕು, ಇಲ್ಲದ ಊರಿನ ಮಕ್ಕಳು ಹಸಿದಿರಬೇಕು ಎಂದರೆ ಅದೂ ನ್ಯಾಯವಾಗದು. ಪಕ್ಕದ ತಮಿಳುನಾಡು ಶಾಲೆಯ ಊಟವನ್ನು ಸರ್ಕಾರದ ಕೆಲಸವೆಂದು ಕಾಮರಾಜರ ಕಾಲದಲ್ಲೇ ಒಪ್ಪಿಕೊಂಡಿತ್ತು. ದೇಶಕ್ಕೆಲ್ಲ ಅದು ಬಂದದ್ದು ಕೋರ್ಟಿನ ಮೂಲಕ. ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಬರಗಾಲದ ಹಳ್ಳಿಗಳಲ್ಲಿ ಜನ ಹಸಿದಿರುವುದೇಕೆ ಎಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ 2001ರಲ್ಲಿ ಸುಪ್ರೀಂ ಕೋರ್ಟನ್ನು ಕೇಳಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು ಒಂದು ಆದೇಶ ಹೊರಡಿಸಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಬೇಕು ಎಂಬುದು ಆ ಆದೇಶ.

ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಯಿತು, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಶಬ್ದವೊಂದು ಎಂಟು ಶತಮಾನ ದಾಟಿ ಶಾಲೆಯ ಅಡುಗೆಕೋಣೆಯ ಗೋಡೆಗೆ ಬಂದು ಕೂತಿತು. 2013ರಿಂದ ಹಾಲೂ ಸೇರಿತು. ಅದೇ ವರ್ಷ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಕ್ಕಳ ಈ ಊಟವನ್ನು ಹಕ್ಕೆಂದು ಬರೆದಿಟ್ಟಿತು. ಹಕ್ಕು ಎಂದ ಮೇಲೆ ಮಗು ಯಾರಿಗೂ ಕೈ ಮುಗಿಯಬೇಕಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ಬಂದು ಕೂತರಾಯಿತು. ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತವರ ಮೊಮ್ಮಕ್ಕಳಿಗೆ ಇದು ಸಣ್ಣ ಬದಲಾವಣೆಯೇನಲ್ಲ.

ಆದರೆ ಅನ್ನ ಬಂದಷ್ಟು ಸುಲಭವಾಗಿ ಸಮಾನತೆ ಬರಲಿಲ್ಲ. ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೆಲವು ಊರುಗಳಲ್ಲಿ ಇದು ಒರೆಗಲ್ಲಾಯಿತು. ದಲಿತ ಮಹಿಳೆ ಬೇಯಿಸಿದ್ದನ್ನು ಉಣ್ಣಬೇಡ ಎಂದು ಮಕ್ಕಳಿಗೆ ಹೇಳಿಕೊಟ್ಟ ಹೆತ್ತವರಿದ್ದಾರೆ. ಮನೆಯಿಂದ ಬುತ್ತಿ ಕಟ್ಟಿಕೊಟ್ಟವರಿದ್ದಾರೆ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದವರೂ ಇದ್ದಾರೆ. ಇಂಥ ಸುದ್ದಿಗಳು ಈಗಲೂ ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಅವಳು ಗದ್ದೆಯಲ್ಲಿ ನಾಟಿ ಮಾಡಿದ ಭತ್ತ ಆಗಬಹುದು, ಅದೇ ಕೈ ಬೇಯಿಸಿದ ಅನ್ನ ಆಗದು! ಪಂಕ್ತಿಭೇದ ಊಟದ ಸಾಲಿನಿಂದ ಎದ್ದು ಹೋಗಿ ಒಲೆಯ ಬುಡದಲ್ಲಿ ಕೂತಿದೆ, ಅಷ್ಟೇ. ಹಾಗೆಯೇ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಇದಾವುದನ್ನೂ ಲೆಕ್ಕಿಸದೆ, ಅಕ್ಕಪಕ್ಕ ಕೂತು, ‘ಅಮ್ಮಾ, ಇನ್ನೊಂಚೂರು ಸಾರು’ ಎಂದು ಕೇಳಿ ಉಣ್ಣುತ್ತಿದ್ದಾರೆ ಎಂಬುದನ್ನೂ ಹೇಳಬೇಕು. ಆ ಮಕ್ಕಳು ದೊಡ್ಡವರಿಗೆ ಪಾಠ ಹೇಳುತ್ತಿದ್ದಾರೆ.

ಇನ್ನೊಂದು ಲೆಕ್ಕವೂ ಬಾಕಿಯಿದೆ. ಬಿಸಿಯೂಟದ ಅಡುಗೆಯವರಿಗೆ ಸಿಗುವುದು ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಅದನ್ನು ಸಂಬಳ ಎನ್ನುವುದಿಲ್ಲ, ‘ಗೌರವ ಸಂಭಾವನೆ’ ಎನ್ನುತ್ತಾರೆ. ಕನಿಷ್ಠ ವೇತನ ಕೊಡಿ ಎಂದು ಈ ಮಹಿಳೆಯರು ಬೆಂಗಳೂರಿಗೆ ಬಂದು, ಬಿಸಿಲಿನಲ್ಲಿ ಕೂತು, ಮತ್ತೆ ಮತ್ತೆ ಕೇಳಿದ್ದಾರೆ. ದುಡಿಮೆಯ ಕೂಲಿಗೆ ಗೌರವದ ಹೆಸರಿಟ್ಟು ಅಳತೆ ಕಡಿಮೆ ಮಾಡುವ ಪರಿಪಾಠ ಆ ಹಳೆಯ ಕಣದ ಮೊರವನ್ನೇ ನೆನಪಿಸುತ್ತದೆ. ಮಕ್ಕಳಿಗೆ ಅನ್ನ ಬಡಿಸುವ ಕೈಗೆ ನಾಡು ಇನ್ನೂ ಋಣಿಯಾಗಿಯೇ ಉಳಿದಿದೆ.

ಕಿತ್ತಳೆ ಬುಟ್ಟಿಯ ಲೆಕ್ಕ

ಪಡೆದದ್ದನ್ನು ಹಿಂದಿರುಗಿಸುವುದು ಋಣ. ಏನನ್ನೂ ಪಡೆಯದವನು ಕೊಟ್ಟರೆ ಅದನ್ನು ಏನೆನ್ನಬೇಕು? ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಬದುಕು ಈ ಪ್ರಶ್ನೆಯನ್ನು ಕೇಳಿಸುತ್ತದೆ. ಅವರು ಶಾಲೆಯ ಮುಖ ಕಂಡವರಲ್ಲ. ಒಮ್ಮೆ ವಿದೇಶಿಯರಿಬ್ಬರು ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ತುಳು, ಬ್ಯಾರಿ ಮಾತು ಬಿಟ್ಟರೆ ಬೇರೆ ಅರಿಯದ ಹಾಜಬ್ಬ ಉತ್ತರಿಸಲಾರದೆ ನಿಂತರು. ಅವರು ಹಣ್ಣು ಕೊಳ್ಳದೆ ಹೋದರು. ವ್ಯಾಪಾರ ಹೋದದ್ದಕ್ಕಿಂತ ನಾಚಿಕೆ ಹೆಚ್ಚು ಚುಚ್ಚಿತು. ನಮ್ಮೂರಿನ ಮಕ್ಕಳಿಗೆ ಈ ಪಾಡು ಬರಬಾರದು ಎಂದುಕೊಂಡರು.

ಇಂಥ ಮಾತನ್ನು ಅನೇಕರು ಅಂದುಕೊಳ್ಳುತ್ತಾರೆ, ರಾತ್ರಿ ಮಲಗಿ ಎದ್ದರೆ ಮರೆಯುತ್ತಾರೆ. ಹಾಜಬ್ಬ ಮರೆಯಲಿಲ್ಲ. ಅವರ ಊರಾದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯಿರಲಿಲ್ಲ. ಕಿತ್ತಳೆಯಿಂದ ಬಂದ ದಿನದ ಪುಡಿಗಾಸಿನಲ್ಲಿ ಉಳಿಸುತ್ತ, ಕಚೇರಿಯಿಂದ ಕಚೇರಿಗೆ ಅಲೆಯುತ್ತ, ಸಿಕ್ಕವರಲ್ಲಿ ಕೇಳುತ್ತ ಹೋದರು. 2000ದಲ್ಲಿ ಮದರಸದ ಕಟ್ಟಡದಲ್ಲಿ 28 ಮಕ್ಕಳೊಂದಿಗೆ ಸರ್ಕಾರಿ ಶಾಲೆ ಶುರುವಾಯಿತು. ಆಮೇಲೆ ಜಾಗ ಬಂತು, ಕಟ್ಟಡ ಬಂತು, ಪ್ರೌಢಶಾಲೆಯೂ ಬಂತು. ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಅವರು ಶಾಲೆಗೇ ಸುರಿದರು. ಅವರ ಸ್ವಂತ ಮನೆ ಮಾತ್ರ ಬಹುಕಾಲ ಬಡವರ ಮನೆಯಾಗಿಯೇ ಉಳಿಯಿತು.

2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಹಾಜಬ್ಬ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು ಎಂದು ಸುದ್ದಿಯಾಯಿತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅವರು ಬರಿಗಾಲಿನಲ್ಲಿ ನಡೆದು ಬಂದದ್ದನ್ನು ದೇಶವೇ ನೋಡಿತು. ಅವರು ಕಟ್ಟಿಸಿದ್ದು ತಮ್ಮ ಹೆಸರಿನ ಖಾಸಗಿ ಶಾಲೆಯನ್ನಲ್ಲ, ಯಾರ ಮಗು ಬೇಕಾದರೂ ನಡೆದು ಹೋಗಬಹುದಾದ ಸರ್ಕಾರಿ ಶಾಲೆಯನ್ನು. ಊರಿನ ಮೇಲಿನ ಪ್ರೀತಿಯನ್ನು ಅವರು ತೋರಿಸಿದ ಬಗೆ ಇದು. ತನಗೆ ಸಿಗದೇ ಹೋದದ್ದರ ಕಹಿಯನ್ನು ಇನ್ನೊಬ್ಬರ ಪಾಲಿನ ಸಿಹಿಯಾಗಿ ಮಾಡುವುದು ಋಣದ ಯಾವ ಲೆಕ್ಕದ ಪುಸ್ತಕದಲ್ಲೂ ಹಿಡಿಯುವುದಿಲ್ಲ.

ಮನೆಯೊಳಗಿನ ಲೋಟ

ಇವೆಲ್ಲ ದೊಡ್ಡವರ ಮಾತಾಯಿತು, ಸಂಸಾರವಂದಿಗರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ದೂರ ಹೋಗಬೇಕಿಲ್ಲ. ಅಡುಗೆಮನೆಯ ಗೂಡಿನಲ್ಲಿ ಕೆಲಸದವಳಿಗೆಂದು ಬೇರೆ ಇಟ್ಟಿರುವ ಲೋಟವೊಂದು ಇದೆಯೇ ಎಂದು ನೋಡಿಕೊಂಡರೆ ಸಾಕು. ಹಬ್ಬಕ್ಕೆ ಸೀರೆ ಕೊಡುವ ಮನೆಯಲ್ಲಿಯೂ ಆ ಲೋಟ ಇರುತ್ತದೆ. ಜ್ವರ ಬಂದು ಎರಡು ದಿನ ತಪ್ಪಿಸಿದರೆ ಆ ಸೀರೆಯ ಮಾತನ್ನೇ ಎತ್ತಿ ಹಂಗಿಸುವವರೂ ಇದ್ದಾರೆ. ಮನೆಗೆಲಸದವರಿಗೂ ಕನಿಷ್ಠ ವೇತನ ಇರಬೇಕೆಂದು ಕರ್ನಾಟಕ ಸರ್ಕಾರ 2004ರಲ್ಲಿಯೇ ನಿಗದಿ ಮಾಡಿದೆ. ಆ ದರ ಎಷ್ಟೆಂದು ವಿಚಾರಿಸಿದ ಮನೆಗಳು ಎಷ್ಟಿವೆ?

ಸೀರೆ ಕೊಡುವುದು ತಪ್ಪಲ್ಲ. ಅದರ ಮೊದಲು ಸರಿಯಾದ ಸಂಬಳ, ವಾರಕ್ಕೊಂದು ರಜೆ, ಕಾಯಿಲೆ ಬಿದ್ದರೆ ಹಿಡಿಯದ ಕೂಲಿ ಇರಬೇಕು. ಬೆಳಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುವುದು ಒಳ್ಳೆಯದೇ. ಅದರ ಜೊತೆಗೆ ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ಟರೆ, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಇಟ್ಟರೆ ಅವರ ಕೈ ಕುಯ್ಯುವುದು ತಪ್ಪುತ್ತದೆ. ಬಿಸಿಲಲ್ಲಿ ಬಂದವರಿಗೆ ಮನೆಯವರು ಕುಡಿಯುವ ಲೋಟದಲ್ಲೇ ಮಜ್ಜಿಗೆ ಕೊಟ್ಟರೆ ಅದಕ್ಕೆ ಖರ್ಚೇನೂ ಇಲ್ಲ. ಸೊಪ್ಪಿನ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿ, ಅದೇ ಸಂಜೆ ದೇವಸ್ಥಾನದ ಹುಂಡಿಗೆ ನೂರು ರೂಪಾಯಿ ಹಾಕುವ ಲೆಕ್ಕವನ್ನು ಒಮ್ಮೆ ತಿರುಗಿ ನೋಡಬಹುದು.

ಇಂಥ ಸಣ್ಣ ಕೆಲಸಗಳಿಂದ ಲೋಕ ಬದಲಾಗುತ್ತದೆಯೇ ಎಂದರೆ, ಇವುಗಳಿಂದ ಮಾತ್ರವೇ ಆಗದು. ಕಾನೂನು ಬೇಕು, ಶಾಲೆ ಬೇಕು, ಕೇಳುವವರ ಸಂಘಟನೆ ಬೇಕು. ಆದರೆ ಕಾನೂನು ಬಂದ ಮೇಲೂ ದಲಿತ ಮಹಿಳೆಯ ಕೈಯ ಅನ್ನವನ್ನು ಮಗು ಉಣ್ಣುವುದೋ ಬಿಡುವುದೋ ಎಂಬುದು ಆ ಮಗುವಿನ ಮನೆಯಲ್ಲಿ ತೀರ್ಮಾನವಾಗುತ್ತದೆ. ಮನೆಗೆಲಸದ ಹೆಂಗಸಿಗೆ ಅಮ್ಮ ಯಾವ ಲೋಟದಲ್ಲಿ ಕಾಫಿ ಕೊಟ್ಟಳು ಎಂಬುದನ್ನು ಮಕ್ಕಳು ಬಾಗಿಲ ಸಂದಿಯಿಂದ ನೋಡುತ್ತಿರುತ್ತಾರೆ. ಮಧ್ಯಾಹ್ನ ಶಾಲೆಯ ಊಟದ ಸಾಲಿನಲ್ಲಿ ಯಾರ ಪಕ್ಕ ಕೂರಬೇಕು ಎಂಬುದನ್ನು ಅವರು ಕಲಿಯುವುದು ಅಲ್ಲಿಂದಲೇ.